ಸಾಸಿವೆಗೆ ಹೊತ್ತಿಗೆ ನೀರು, ಕಳೆ ಕೀಳಲು ಒಗ್ಗಟ್ಟು



ಖಾದ್ಯತೈಲದಲ್ಲಿ ಸ್ವಾವಲಂಬನೆ ಸಾಧಿಸಲು ಕೇಂದ್ರ ಸರ್ಕಾರ 2024ರಲ್ಲಿ 10,103 ಕೋಟಿ ರೂಪಾಯಿಯ ಎಣ್ಣೆಕಾಳು ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಮದು ಸುಂಕ, ಬೆಂಬಲ ಬೆಲೆಗಳಿಗೆ ಕೊಡುವಷ್ಟೇ ಗಮನವನ್ನು ನೀರು ಮತ್ತು ಕಳೆಯ ಕಡೆಗೂ ಹರಿಸಬೇಕು.

ರಾಜಸ್ಥಾನ, ಹರಿಯಾಣಗಳ ಮುಖ್ಯ ಹಿಂಗಾರು ಎಣ್ಣೆಕಾಳು ಬೆಳೆ ಸಾಸಿವೆ. ಅದು ಬೇಡುವ ನೀರು ಕಡಿಮೆ, ಆದರೆ ಹೊತ್ತು ಮೀರಬಾರದು. ಬಿತ್ತಿದ 30–35 ದಿನಕ್ಕೆ, ಹೂ ಬಿಡುವ ಮುನ್ನ ಒಮ್ಮೆ. ಕಾಯಿ ಕಟ್ಟುವಾಗ ಇನ್ನೊಮ್ಮೆ. ಒಂದೇ ನೀರು ಸಿಗುವುದಾದರೆ ಮೊದಲನೆಯದನ್ನು ಬಿಡಬಾರದು. ಹೊಲದಲ್ಲಿ ನೀರು ನಿಲ್ಲಲೂಬಾರದು.

ಬತುವಾದಂಥ ಸಾಮಾನ್ಯ ಕಳೆಗಳನ್ನು ಮೊದಲ ತಿಂಗಳಲ್ಲೇ ತೆಗೆದರೆ ಪೈರು ಮೇಲೇಳುತ್ತದೆ. ಆದರೆ ಆ ರಾಜ್ಯಗಳ ರೈತರು ‘ಮರ್ಗೋಜಾ’ ಎನ್ನುವ ಒರೊಬಾಂಕಿ ಎಂಬ ಪರಾವಲಂಬಿ ಕಳೆ ಸಾಸಿವೆಯ ಬೇರಿಗೇ ಅಂಟಿ ರಸ ಹೀರುತ್ತದೆ. ಇದೇ ಬಳಗದ ಕಳೆ ನಮ್ಮ ನಿಪ್ಪಾಣಿ ಭಾಗದ ತಂಬಾಕು ಬೆಳೆಗಾರರನ್ನೂ ಕಾಡಿದೆ. ಮರ್ಗೋಜಾ ನೆಲದ ಮೇಲೆ ಕಾಣಿಸುವ ಹೊತ್ತಿಗೆ ಅರ್ಧ ಹಾನಿ ಆಗಿರುತ್ತದೆ. ದೂಳಿನಂಥ ಅದರ ಬೀಜ ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಜೀವ ಹಿಡಿದಿರಬಲ್ಲದು. ಒಬ್ಬ ರೈತ ಕಿತ್ತು ಪಕ್ಕದವನು ಬಿಟ್ಟರೆ ಶ್ರಮವೆಲ್ಲ ವ್ಯರ್ಥ.

ಆದ್ದರಿಂದ ಕಾಲುವೆ ನೀರು ಬಿಡುವ ದಿನಗಳನ್ನು ಬೆಳೆಯ ಹಂತಕ್ಕೆ ಹೊಂದಿಸಬೇಕು. ಬೀಜ ಕಟ್ಟುವ ಮೊದಲೇ ಇಡೀ ಊರು ಒಟ್ಟಾಗಿ ಮರ್ಗೋಜಾ ಕಿತ್ತು ಸುಡಲು ಕೂಲಿ ನೆರವು ಸಿಗಬೇಕು. ವರ್ಷವೂ ಸಾಸಿವೆಯನ್ನೇ ಬಿತ್ತದೆ ಬೆಳೆ ಬದಲಿಸುವವರಿಗೆ ಪ್ರೋತ್ಸಾಹಧನ ಕೊಡಬೇಕು. ಯೋಜನೆಯ ಹಣದಲ್ಲಿ ಇದಕ್ಕೆಂದೇ ಒಂದು ಪಾಲು ಮೀಸಲಿಡಲಿ.

– ಒಬ್ಬ ರೈತ ಓದುಗ, ತುಮಕೂರು ಜಿಲ್ಲೆ