ಇಸಿಜಿ ನಾರ್ಮಲ್ ಬಂದವರ ಪರವಾಗಿ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,



2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನಾ ಸುದ್ದಿಯಾಗುತ್ತಿದ್ದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳಲ್ಲಿ ಜನ ಕಿಕ್ಕಿರಿದದ್ದು ತಮ್ಮ ಇಲಾಖೆಗೆ ನೆನಪಿರುತ್ತದೆ. 2021ರ ಅಕ್ಟೋಬರ್‌ನಲ್ಲಿ ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೂ ಹೀಗೇ ಆಗಿತ್ತು. ಗಾಬರಿ ಬೀಳಬೇಡಿ ಎಂದು ವೈದ್ಯರು ಎರಡು ಸಲವೂ ಕೇಳಿಕೊಂಡರು. ಸಾಲಿನಲ್ಲಿ ನಿಂತಿದ್ದ ಬಹಳ ಜನರ ಗಾಬರಿ ಕೆಲವೇ ವಾರಗಳಲ್ಲಿ ಇಳಿದಿರಬೇಕು. ಇಳಿಯದೆ ಉಳಿದವರ ಪರವಾಗಿ ಬರೆಯುತ್ತಿದ್ದೇನೆ. ನಾನೂ ಅವರಲ್ಲೊಬ್ಬಳು.

ತಾಲ್ಲೂಕು ಊರೊಂದರಲ್ಲಿ ಶಾಲಾ ಶಿಕ್ಷಕಿಯಾಗಿರುವ ನಾನು ಹಲವು ವರ್ಷಗಳಿಂದ ಆತಂಕದ ಕಾಯಿಲೆಯೊಂದಿಗೆ ಬದುಕುತ್ತಿದ್ದೇನೆ. ಮಗಳ ಬಸ್ಸು ಸ್ವಲ್ಪ ತಡವಾದರೂ ಕೈಕಾಲು ಸೋತುಹೋಗುತ್ತವೆ. ನಡುರಾತ್ರಿ ಎಚ್ಚರವಾಗಿ ನಾಡಿ ಹಿಡಿದು ಕೂರುತ್ತೇನೆ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟೇ ಬೇಕು, ಮದುವೆ ಮನೆಗೆ ಹೋದರೆ ಮೊದಲು ಹೊರಗೆ ಬರುವ ದಾರಿ ನೋಡಿಕೊಳ್ಳಬೇಕು. ಎದೆ ಹಿಡಿದಂತಾಗುವುದು, ಬೆರಳು ಜೋಮು ಹಿಡಿಯುವುದು, ಹೊಟ್ಟೆಯಲ್ಲಿ ಸಂಕಟ, ಇವೆಲ್ಲ ನಿಜವಾಗಿಯೂ ಮೈಯಲ್ಲೇ ಆಗುತ್ತವೆ. ಹಾಗಾಗಿ ನಾವು ಮೊದಲು ಹೋಗುವುದು ಹೃದಯದ ಡಾಕ್ಟರ ಬಳಿಗೆ. ಇಸಿಜಿ, ಎಕೋ, ಥೈರಾಯ್ಡ್, ಕೊನೆಗೆ ಎಂಡೋಸ್ಕೋಪಿ. ‘ರಿಪೋರ್ಟ್ ಎಲ್ಲ ಚೆನ್ನಾಗಿದೆ, ಟೆನ್ಶನ್ ಮಾಡ್ಕೋಬೇಡಿ’ ಎನ್ನುತ್ತಾರೆ. ಆ ನೆಮ್ಮದಿ ಸಂಜೆಯವರೆಗೂ ಬಾಳುವುದಿಲ್ಲ. ಯಂತ್ರ ಸರಿಯಿತ್ತೋ ಇಲ್ಲವೋ, ನೋಡಿದವರು ಸರಿಯಾಗಿ ನೋಡಿದರೋ ಇಲ್ಲವೋ ಎಂದು ಮತ್ತೆ ಶುರುವಾಗುತ್ತದೆ. ಮನೆಯವರು ಪ್ರೀತಿಯಿಂದಲೇ ‘ಮನಸ್ಸು ಗಟ್ಟಿ ಮಾಡ್ಕೊ’ ಎನ್ನುತ್ತಾರೆ. ಇನ್ಯಾರೋ ತಾಯತ ಕಟ್ಟಿಸುತ್ತಾರೆ.

ಇದಕ್ಕೆ ಚಿಕಿತ್ಸೆ ಇದೆ ಎಂಬುದು ನನಗೆ ತಿಳಿದದ್ದು ತೀರಾ ತಡವಾಗಿ. ಚಿಕಿತ್ಸೆಯ ದಿನಚರಿಯಲ್ಲಿ ಹೇಳಿಕೊಳ್ಳುವಂಥ ಸಾಹಸವೇನಿಲ್ಲ. ಎಸ್ಸಿಟಾಲೊಪ್ರಾಮ್‌ನಂಥ ಮಾತ್ರೆ ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತದೆ. ವಾಸಿ ಎನಿಸಿದ ಮೇಲೂ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ಥಟ್ಟನೆ ನಿಲ್ಲಿಸುವಂತಿಲ್ಲ. ಅದರ ಜೊತೆಗೆ ಆಪ್ತಸಮಾಲೋಚಕರು ಕಲಿಸುವ ಅಭ್ಯಾಸಗಳಿವೆ. ಚಿಂತೆಗೆಂದೇ ಸಂಜೆ ಅರ್ಧ ಗಂಟೆ ಮೀಸಲಿಟ್ಟು, ಉಳಿದ ಹೊತ್ತಿನಲ್ಲಿ ಬಂದ ಚಿಂತೆಯನ್ನು ಚೀಟಿಯಲ್ಲಿ ಬರೆದು ಸಂಜೆಗೆ ಎತ್ತಿಡುವುದು. ನಾಡಿ ನೋಡಿಕೊಳ್ಳಬೇಕೆನಿಸಿದಾಗ ನೋಡಿಕೊಳ್ಳದೆ ಇರುವುದು. ಹೆದರಿ ಬಿಟ್ಟುಬಿಟ್ಟಿದ್ದ ಬಸ್ಸನ್ನು ಮತ್ತೆ ಹತ್ತುವುದು, ಮೊದಲು ಒಂದು ಸ್ಟಾಪ್, ಆಮೇಲೆ ಎರಡು. ಕಾಫಿ ಕಡಿಮೆ ಮಾಡುವುದು. ಇದು ನಿಧಾನವಾಗಿ ಫಲ ಕೊಡುತ್ತದೆ. ಈಗ ನಾನು ಮಕ್ಕಳನ್ನು ಶಾಲಾ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತೇನೆ. ಆತಂಕ ಪೂರ್ತಿ ಹೋಗಿಲ್ಲ, ಆದರೂ ನನ್ನ ಕೆಲಸ ನಿಂತಿಲ್ಲ.

ನನಗೆ ಸಂಬಳವಿದೆ. ಜಿಲ್ಲಾ ಕೇಂದ್ರದ ಖಾಸಗಿ ವೈದ್ಯರ ಫೀಸು, ಸಮಾಲೋಚನೆಯ ಖರ್ಚು ಹೇಗೋ ಭರಿಸುತ್ತೇನೆ. ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಅಕ್ಕನಿಗೂ ಇದೇ ತೊಂದರೆ. ಶಕ್ತಿ ಯೋಜನೆಯಿಂದ ಅವರಿಗೆ ಬಸ್ ಚಾರ್ಜಿನ ಚಿಂತೆಯಿಲ್ಲ, ಆದರೆ ಆಸ್ಪತ್ರೆಗೆ ಹೋದ ದಿನ ಕೆಲಸ ತಪ್ಪುತ್ತದೆ. ಹೋದಾಗಲೂ ‘ಮಾತ್ರೆ ಖಾಲಿ, ಮುಂದಿನ ವಾರ ಬನ್ನಿ’ ಎಂಬ ಉತ್ತರ ಅವರಿಗೆ ಸಿಕ್ಕಿದ್ದುಂಟು. ಬೇಸತ್ತು ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ಆಲ್ಪ್ರಜೋಲಮ್ ತಂದು ಅರ್ಧರ್ಧ ನುಂಗುತ್ತಿದ್ದರು. ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆದರೆ ಅದು ಚಟವಾಗಿ ಅಂಟಿಕೊಳ್ಳುವ ಮಾತ್ರೆ. ಅವರನ್ನು ಆ ಅಂಗಡಿಗೆ ಕಳಿಸಿದ್ದು ನಮ್ಮ ವ್ಯವಸ್ಥೆ ಎಂದೇ ನಾನು ಭಾವಿಸುತ್ತೇನೆ.

ಸಚಿವರೇ, ಮಾನಸಿಕ ಆರೋಗ್ಯದ ವಿಷಯದಲ್ಲಿ ನಮ್ಮ ರಾಜ್ಯ ಇಡೀ ದೇಶಕ್ಕೆ ದಾರಿ ತೋರಿಸಿತ್ತು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ತಂದದ್ದೂ ನಮ್ಮ ಸರ್ಕಾರವೇ. 2022ರಿಂದ 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆಯ 18ನೇ ಸೆಕ್ಷನ್, ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ, ಎಲ್ಲ ಕಾಲಕ್ಕೂ ಉಚಿತವಾಗಿ ಸಿಗಬೇಕು ಎನ್ನುತ್ತದೆ. ಎಸ್ಸಿಟಾಲೊಪ್ರಾಮ್ ಆ ಪಟ್ಟಿಯಲ್ಲಿದೆ. ಇಷ್ಟಿದ್ದೂ, 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಆತಂಕ, ಖಿನ್ನತೆಯಂಥ ಸಾಮಾನ್ಯ ಮಾನಸಿಕ ಕಾಯಿಲೆ ಇದ್ದವರಲ್ಲಿ 100ಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆ 12ರಲ್ಲಿ ಕರ್ನಾಟಕ ಇರಲಿಲ್ಲ. ನಮ್ಮ ತಾಲ್ಲೂಕುಗಳ ಸ್ಥಿತಿ ಅದಕ್ಕಿಂತ ಬಹಳ ಮೇಲಿದೆ ಎಂದು ನಂಬಲು ನನಗೆ ಕಾರಣ ಕಾಣುತ್ತಿಲ್ಲ.

ಪುನೀತ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರ ಸಲಹೆ ಪಡೆದು, ಜೀವ ಉಳಿಸುವ ಇಂಜೆಕ್ಷನ್ ಕೊಡುವ ವ್ಯವಸ್ಥೆ ಮಾಡಿದ್ದೀರಿ. ಎದೆನೋವು ಎಂದು ಬಂದವರ ಇಸಿಜಿ ಮೊದಲು ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಇಸಿಜಿ ನಾರ್ಮಲ್ ಬಂದು, ವೈದ್ಯರು ಹೃದಯದ ತೊಂದರೆ ಇಲ್ಲವೆಂದು ಖಚಿತಪಡಿಸಿದ ಮೇಲೆ ಅವರನ್ನು ಬರಿಗೈಯಲ್ಲಿ ಕಳಿಸಬೇಡಿ. ಕಳೆದ ಎರಡು ವಾರದಲ್ಲಿ ಎಷ್ಟು ದಿನ ಗಾಬರಿಯಾಯಿತು, ಚಿಂತೆ ನಿಲ್ಲಿಸಲು ಆಗದೆ ಒದ್ದಾಡಿದಿರಾ ಎಂದು ನರ್ಸಮ್ಮನವರು ಕೇಳಲಿ. ಇಂಥ ಎರಡು ಪ್ರಶ್ನೆಗಳ ಪರೀಕ್ಷೆ ವೈದ್ಯಲೋಕದಲ್ಲಿ ಈಗಾಗಲೇ ಬಳಕೆಯಲ್ಲಿದೆ, ಎರಡು ನಿಮಿಷವೂ ಬೇಡ. ಹೌದು ಎಂದವರನ್ನು ಅಲ್ಲಿಂದಲೇ ಟೆಲಿ-ಮಾನಸ್‌ಗೆ ಜೋಡಿಸಿ, ಮಂಗಳವಾರದ ಚೀಟಿ ಬರೆದುಕೊಡಲಿ. ಕೂಲಿ ಮಾಡುವವರಿಗೆ, ಶಾಲೆ ಕೆಲಸದವರಿಗೆ ಅನುಕೂಲವಾಗುವಂತೆ ಸಮಾಲೋಚಕರು ವಾರಕ್ಕೊಮ್ಮೆಯಾದರೂ ಸಂಜೆ ಹೊತ್ತು ಸಿಗಲಿ. ಸ್ಥಿರವಾಗಿರುವ ರೋಗಿಗಳಿಗೆ, ವೈದ್ಯರು ಒಪ್ಪಿದರೆ, ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಬಹುದು. ಬಿಪಿ, ಸಕ್ಕರೆ ಕಾಯಿಲೆಯವರ ಮನೆ ಬಾಗಿಲಿಗೆ ಹೋಗುತ್ತಿರುವ ಇಲಾಖೆಗೆ ಇದು ಭಾರವಾಗಲಾರದು.

ಒಂದು ಲೆಕ್ಕವನ್ನೂ ಕೇಳುತ್ತಿದ್ದೇನೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಮಾತ್ರೆಗಳು ಕಳೆದ ವರ್ಷ ಎಷ್ಟು ದಿನ ಇರಲಿಲ್ಲ, ಮಂಗಳವಾರದ ಕ್ಲಿನಿಕ್‌ಗೆ ಎಷ್ಟು ವಾರ ವೈದ್ಯರು ಬರಲಿಲ್ಲ ಎಂಬುದನ್ನು ತಾಲ್ಲೂಕುವಾರು ಪ್ರಕಟಿಸಿ. ಔಷಧ ಕಿಟಕಿಯ ಬಳಿ ‘ಖಾಲಿ’ ಎಂದು ಹೇಳಿಸಿಕೊಂಡವರು ಆ ಲೆಕ್ಕವನ್ನು ತಮ್ಮ ಊರಿನ ಹೆಸರಿನ ಮುಂದೆ ಓದಿ ನೋಡಲಿ.

ಇಂತಿ ತಮ್ಮ ವಿಶ್ವಾಸಿ,
ತಾಲ್ಲೂಕು ಊರೊಂದರ ಶಾಲಾ ಶಿಕ್ಷಕಿ