ಶ್ವಾಸಕೋಶ ಶಸ್ತ್ರಚಿಕಿತ್ಸೆಯ ಬೆಸುಗೆ ಉಪಕರಣಗಳು: ಸಣ್ಣ ಉದ್ದಿಮೆಗಳು ಯಾವ ಬಾಗಿಲಿನಿಂದ ಪ್ರವೇಶಿಸಬೇಕು?

ವೈದ್ಯಕೀಯ ಸಾಧನಗಳ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಉದ್ಯಮ ವಲಯದಲ್ಲಿ ಒಂದು ಮಾತು ಕೇಳಿಬರುತ್ತದೆ: ಹೊರದೇಶದವರು ದುಬಾರಿ ಬೆಲೆಗೆ ಮಾರುವುದನ್ನು ನಾವು ಅರ್ಧ ಬೆಲೆಗೆ ತಯಾರಿಸಿಕೊಡಬಲ್ಲೆವು ಎಂದು. ಈ ಆತ್ಮವಿಶ್ವಾಸ ಮೆಚ್ಚತಕ್ಕದ್ದೇ. ಆದರೆ ಎಲ್ಲ ಸಾಧನಗಳೂ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಶ್ವಾಸಕೋಶದ ಶಸ್ತ್ರಚಿಕಿತ್ಸೆಯಲ್ಲಿ ರಕ್ತನಾಳಗಳನ್ನು ಬೆಸೆದು ಮುಚ್ಚುವ ಉಪಕರಣಗಳು ಇದಕ್ಕೆ ಉತ್ತಮ ಉದಾಹರಣೆ.

ಉಪಕರಣದ ಹಿನ್ನೆಲೆ

ಶಸ್ತ್ರಚಿಕಿತ್ಸೆಯಲ್ಲಿ ವಿದ್ಯುತ್ತಿನ ಬಳಕೆ ಹೊಸದಲ್ಲ. ವಿಲಿಯಂ ಬೋವಿ ರೂಪಿಸಿದ ಯಂತ್ರವನ್ನು ಮಿದುಳಿನ ಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ ಅವರು 1926ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಬಳಸಿದರು. ಅಂತಹ ಯಂತ್ರಗಳು ಅಂಗಾಂಶವನ್ನು ಕತ್ತರಿಸುತ್ತಿದ್ದವು, ರಕ್ತವನ್ನು ಹೆಪ್ಪುಗಟ್ಟಿಸುತ್ತಿದ್ದವು. 1990ರ ದಶಕದ ಕೊನೆಯಲ್ಲಿ ಬಂದ ಲಿಗಾಶೂರ್ ಒಂದು ಹೆಜ್ಜೆ ಮುಂದೆ ಹೋಯಿತು. ಇಕ್ಕಳದ ಎರಡು ದವಡೆಗಳ ನಡುವೆ ರಕ್ತನಾಳವನ್ನು ಬಿಗಿಯಾಗಿ ಒತ್ತಿ ಅಧಿಕ ಆವರ್ತನದ ವಿದ್ಯುತ್ತನ್ನು ಹರಿಸಿದಾಗ, ನಾಳದ ಗೋಡೆಯಲ್ಲಿರುವ ಕೊಲಾಜೆನ್, ಎಲಾಸ್ಟಿನ್ ಎಂಬ ಪ್ರೋಟೀನುಗಳು ಕರಗಿ ಒಂದಾಗುತ್ತವೆ. ಅಂಗಾಂಶದ ವಿದ್ಯುತ್ ರೋಧವನ್ನು ಯಂತ್ರವೇ ಸತತವಾಗಿ ಅಳೆಯುತ್ತ, ಬೆಸುಗೆ ಪೂರ್ಣಗೊಂಡೊಡನೆ ಪೂರೈಕೆಯನ್ನು ನಿಲ್ಲಿಸುತ್ತದೆ. ಹಾರ್ಮೋನಿಕ್ ಎಂಬ ಇನ್ನೊಂದು ಬಗೆಯ ಉಪಕರಣದಲ್ಲಿ ರೋಗಿಯ ದೇಹದ ಮೂಲಕ ವಿದ್ಯುತ್ ಹರಿಯುವುದಿಲ್ಲ. ಅಲುಗು ಸೆಕೆಂಡಿಗೆ ಸುಮಾರು 55,000 ಬಾರಿ ಕಂಪಿಸಿ, ಆ ಘರ್ಷಣೆಯಿಂದಲೇ ನಾಳವನ್ನು ಮುಚ್ಚಿ ಕತ್ತರಿಸುತ್ತದೆ. ಸಾಮಾನ್ಯವಾಗಿ ಈ ಉಪಕರಣಗಳ ಬಳಕೆಯ ಮಿತಿ 5ರಿಂದ 7 ಮಿಲಿಮೀಟರ್ ವ್ಯಾಸದ ನಾಳಗಳವರೆಗೆ.

ಶ್ವಾಸಕೋಶದ ವಿಶೇಷ

ಶ್ವಾಸಕೋಶದ ಅಪಧಮನಿಯಲ್ಲಿ ರಕ್ತದ ಒತ್ತಡ ದೇಹದ ಇತರ ಅಪಧಮನಿಗಳಲ್ಲಿರುವುದರ ಸುಮಾರು ಐದರಲ್ಲೊಂದು ಭಾಗ ಮಾತ್ರ. ಆದ್ದರಿಂದ ಬೆಸುಗೆ ತಡೆಯಬೇಕಾದ ಒತ್ತಡ ಕಡಿಮೆ. ಆದರೆ ಆ ನಾಳಗಳ ಗೋಡೆ ಬಹಳ ತೆಳು, ಹೃದಯದ ಬಲಭಾಗ ಹೊರಹಾಕುವ ರಕ್ತವೆಲ್ಲ ಅಲ್ಲಿಂದಲೇ ಸಾಗುತ್ತದೆ. ಪಕ್ಕೆಲುಬುಗಳ ನಡುವಿನ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ನಡೆಸುವ ಶಸ್ತ್ರಚಿಕಿತ್ಸೆಯಲ್ಲಿ ಬೆಸುಗೆ ಬಿಟ್ಟರೆ, ಸ್ರಾವವನ್ನು ಹಿಡಿದು ನಿಲ್ಲಿಸಲು ವೈದ್ಯರಿಗೆ ದೊರೆಯುವ ಸಮಯ ಅತ್ಯಲ್ಪ. ಈ ಕಾರಣದಿಂದಲೇ ದೊಡ್ಡ ನಾಳಗಳಿಗೂ ಶ್ವಾಸನಾಳಕ್ಕೂ ಸ್ಟೇಪ್ಲರ್ ಬಳಸುವುದು ವಾಡಿಕೆ. ಸ್ಟೇಪ್ಲರಿನ ದಪ್ಪ ದವಡೆಯನ್ನು ನುಗ್ಗಿಸಲು ಹೋದರೆ ಹರಿಯಬಹುದಾದ ಸಣ್ಣ ಕವಲುಗಳಲ್ಲಿ ತೆಳುವಾದ ಬೆಸುಗೆ ಇಕ್ಕಳ ಉಪಯುಕ್ತ. ಕೆನಡಾದ ಮಾಂಟ್ರಿಯಲ್ ನಗರದ ಶಸ್ತ್ರಚಿಕಿತ್ಸಕರು ಈ ಬಗೆಯ ಬಳಕೆಯನ್ನು ಕ್ರಮಬದ್ಧವಾಗಿ ಅಧ್ಯಯನ ಮಾಡಿದವರಲ್ಲಿ ಪ್ರಮುಖರು.

ತಪ್ಪು ಬಾಗಿಲು

ಇನ್ನು ವ್ಯಾಪಾರದ ಲೆಕ್ಕಕ್ಕೆ ಬರೋಣ. ಶಕ್ತಿ ಪೂರೈಸುವ ಯಂತ್ರವನ್ನು ಆಸ್ಪತ್ರೆ ಒಮ್ಮೆ ಕೊಳ್ಳುತ್ತದೆ. ಕೈಯಲ್ಲಿ ಹಿಡಿಯುವ ಇಕ್ಕಳವನ್ನು ಮತ್ತೆ ಮತ್ತೆ ಕೊಳ್ಳಬೇಕು. ಮುದ್ರಣ ಯಂತ್ರ ಮತ್ತು ಅದರ ಶಾಯಿಯ ಸಂಬಂಧದಂತೆಯೇ ಇದು. ಈ ಇಕ್ಕಳಗಳಲ್ಲಿ ಬಹುಪಾಲು ಒಂದೇ ಬಾರಿಯ ಬಳಕೆಗೆಂದು ಮುದ್ರಿತವಾದವು. ಆದರೂ ನಮ್ಮ ದೇಶದಲ್ಲಿ ಅವುಗಳನ್ನು ತೊಳೆದು, ಕ್ರಿಮಿಶುದ್ಧಿ ಮಾಡಿ ಮರುಬಳಕೆ ಮಾಡುವ ರೂಢಿಯಿದೆ. ಇದರ ಹಿಂದೆ ಇರುವುದು ಲೋಭ ಮಾತ್ರವಲ್ಲ. ರೋಗಿಯ ಹೊರೆ ತಗ್ಗಿಸುವ ಉದ್ದೇಶವೂ ಉಂಟು.

ಹಳೆಯ ಇಕ್ಕಳಗಳನ್ನು ಸಂಗ್ರಹಿಸಿ, ಶುಚಿಗೊಳಿಸಿ, ಹೊಸ ಪೊಟ್ಟಣದಲ್ಲಿ ಮಾರಿದರೆ ಲಾಭವಿದೆಯೆಂದು ಕೆಲವರಿಗೆ ತೋರಬಹುದು. ಇದು ತಪ್ಪು ಬಾಗಿಲು. ಬಳಸಿದ ದವಡೆಗಳ ಮೇಲೆ ಅಂಗಾಂಶದ ಶೇಷ ಕೂರುತ್ತದೆ, ಅಲುಗು ಮೊಂಡಾಗುತ್ತದೆ, ವಿದ್ಯುತ್ ನಿರೋಧಕ ಹೊದಿಕೆ ಸವೆಯುತ್ತದೆ, ದವಡೆಗಳ ಒತ್ತಡ ಬದಲಾಗುತ್ತದೆ. ಒತ್ತಡ ಬದಲಾದರೆ ಬೆಸುಗೆಯೂ ಬದಲಾಗುತ್ತದೆ. ಹಾಗೆಂದು ಮರುಸಂಸ್ಕರಣೆಯೇ ಅಸಾಧ್ಯವೆಂದಲ್ಲ. ಅಮೆರಿಕದ ಎಫ್‌ಡಿಎ ಅದಕ್ಕೆ ಅವಕಾಶ ನೀಡಿದೆ. ಆದರೆ ಮರುಸಂಸ್ಕರಿಸುವವರನ್ನು ತಯಾರಕರೆಂದೇ ಪರಿಗಣಿಸಿ, ಮೂಲ ತಯಾರಕರಷ್ಟೇ ಹೊಣೆಯನ್ನು ಹೊರಿಸಿದೆ. ಆ ಹೊಣೆಯನ್ನು ಹೊರಲಾರದವರು ಲಾಭವನ್ನು ಬಯಸಬಾರದು.

ಸರಿಯಾದ ಬಾಗಿಲು

ಕಾನೂನೂ ಇದೇ ದಿಕ್ಕಿನಲ್ಲಿದೆ. 2018ರ ಜನವರಿ 1ರಂದು ಜಾರಿಗೆ ಬಂದ ವೈದ್ಯಕೀಯ ಸಾಧನಗಳ ನಿಯಮಗಳು, 2017 ಸಾಧನಗಳನ್ನು ಅಪಾಯದ ಪ್ರಮಾಣಕ್ಕನುಸಾರ ಎ, ಬಿ, ಸಿ, ಡಿ ಎಂದು ವಿಂಗಡಿಸಿವೆ. ಎ ಮತ್ತು ಬಿ ವರ್ಗಗಳಿಗೆ 2022ರ ಅಕ್ಟೋಬರ್ 1ರಿಂದ, ಸಿ ಮತ್ತು ಡಿ ವರ್ಗಗಳಿಗೆ 2023ರ ಅಕ್ಟೋಬರ್ 1ರಿಂದ ಪರವಾನಗಿ ವ್ಯವಸ್ಥೆ ಅನ್ವಯಿಸಿದೆ. ದೇಹಕ್ಕೆ ಅಪಾಯಕರವಾಗಬಲ್ಲ ರೀತಿಯಲ್ಲಿ ಶಕ್ತಿಯನ್ನು ಹಾಯಿಸುವ ಉಪಕರಣಗಳು ಸಿ ವರ್ಗಕ್ಕೆ ಸೇರುತ್ತವೆ. ಅವುಗಳ ತಯಾರಿಕೆಗೆ ಕೇಂದ್ರ ಪ್ರಾಧಿಕಾರದ ಪರವಾನಗಿ ಬೇಕು. ಸಣ್ಣ ಉದ್ದಿಮೆಯೊಂದು ಇಡೀ ಉಪಕರಣಕ್ಕೇ ಮೊದಲು ಕೈಹಾಕಿದರೆ ಬಂಡವಾಳ ಪರೀಕ್ಷೆಗಳಲ್ಲೇ ಕರಗಿಹೋದೀತು.

ಆದ್ದರಿಂದ ಬಿಡಿಭಾಗಗಳಿಂದ ಆರಂಭಿಸುವುದು ವಿವೇಕ. ತೆಳು ಸ್ಟೇನ್‌ಲೆಸ್ ಕೊಳವೆ, ವೈರ್‌ಕಟ್ ಯಂತ್ರದಲ್ಲಿ ಕತ್ತರಿಸಿದ ದವಡೆ, ಅಚ್ಚಿನ ಪ್ಲಾಸ್ಟಿಕ್ ಹಿಡಿಕೆ, ಕೇಬಲ್: ಇಂತಹ ಕೆಲಸಕ್ಕೆ ಬೇಕಾದ ಯಂತ್ರಗಳೂ ಕುಶಲ ಕೆಲಸಗಾರರೂ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಇದ್ದಾರೆ. ನಮ್ಮಲ್ಲಿ ಕೊರತೆಯಿರುವುದು ಕೌಶಲದ್ದಲ್ಲ, ದಾಖಲೆಯದು. ಪ್ರತಿ ತುಂಡೂ ಯಾವ ಲೋಹದ ಯಾವ ತಂಡದಿಂದ ಬಂದಿತು, ಯಾರು ಅಳೆದರು, ಯಾವ ಮಾಪಕದಿಂದ ಅಳೆದರು ಎಂಬುದನ್ನು ವರ್ಷಗಳ ನಂತರವೂ ತೋರಿಸಬಲ್ಲವರಿಗೆ ಮಾತ್ರ ಪರವಾನಗಿ ಪಡೆದ ತಯಾರಕರು ಬೇಡಿಕೆ ಕೊಡುತ್ತಾರೆ. ಐಎಸ್‌ಒ 13485 ಗುಣಮಟ್ಟ ವ್ಯವಸ್ಥೆಯ ಸಾರವೂ ಬಹುಮಟ್ಟಿಗೆ ಇದೇ.

ವರ್ತಕ ಬಂಧುಗಳ ಪಾಲೂ ಇದರಲ್ಲಿದೆ. ಬಿಲ್ಲಿನಲ್ಲಿ ತಂಡದ ಸಂಖ್ಯೆಯನ್ನು ನಮೂದಿಸಬೇಕು. ಮೂಲ ಮೊಹರು ಒಡೆದ ಪೊಟ್ಟಣವನ್ನು ಮಾರಬಾರದು. ಉಪಕರಣ ವಿಫಲವಾದ ದೂರು ಬಂದರೆ ಮುಚ್ಚಿಡದೆ, 2015ರಲ್ಲಿ ಆರಂಭವಾದ ಭಾರತದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ವರದಿಯಾಗುವಂತೆ ನೋಡಿಕೊಳ್ಳಬೇಕು. ಸದಸ್ಯರು ಒಟ್ಟಾಗಿ ಬಳಸಬಹುದಾದ ಅಳತೆ ಮತ್ತು ಪರೀಕ್ಷಾ ಸೌಲಭ್ಯವೊಂದರ ಬಗ್ಗೆ ಸಂಸ್ಥೆಯು ಚಿಂತಿಸುವುದೂ ಸೂಕ್ತ.

ಬಡ ರೋಗಿಗೆ ಕಡಿಮೆ ಬೆಲೆಯ ಉಪಕರಣ ಬೇಕೆಂಬುದು ನಿರ್ವಿವಾದ. ಆದರೆ ಬೆಲೆ ಇಳಿಯಬೇಕಾದದ್ದು ತಯಾರಿಕೆಯ ಜಾಣ್ಮೆಯಿಂದಲೇ ಹೊರತು ಪರೀಕ್ಷೆಯನ್ನು ಕೈಬಿಡುವುದರಿಂದಲ್ಲ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿರುವ ವ್ಯಕ್ತಿಗೆ ಸರಕನ್ನು ಹಿಂತಿರುಗಿಸುವ ಅವಕಾಶವಿಲ್ಲ ಎಂಬುದನ್ನು ನಾವು ಮರೆಯಬಾರದು.