ಹೆಸರಿಲ್ಲದ ಉಸಿರು

ಸ್ಯಾಕ್ಸೋಫೋನ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ದಿವಂಗತ ಕದ್ರಿ ಗೋಪಾಲನಾಥರು. ಅವರ ಧ್ವನಿಮುದ್ರಿಕೆಗಳ ಮೇಲೆ ಅವರ ಹೆಸರೇ ರಾರಾಜಿಸುತ್ತಿತ್ತು. 1940 ಮತ್ತು 50ರ ದಶಕಗಳಲ್ಲಿ ಆಫ್ರಿಕನ್ ಅಮೆರಿಕನ್ನರು ಬೆಳೆಸಿದ ‘ರಿದಮ್ ಅಂಡ್ ಬ್ಲೂಸ್’ ಗೀತೆಗಳಿಗೆ ಇದೇ ವಾದ್ಯವನ್ನು ನುಡಿಸಿದ ಅನೇಕರಿಗೆ ಆ ಭಾಗ್ಯವಿರಲಿಲ್ಲ. ಹಾಡಿನ ನಡುವಣ ಕೆಲವೇ ಕ್ಷಣಗಳ ಏಕವಾದನದಿಂದ ಅದಕ್ಕೆ ಜೀವ ತುಂಬಿ, ಗೊತ್ತಾದ ಸಂಭಾವನೆ ಪಡೆದು ಅವರು ಹೊರಟುಹೋದರು. ತಟ್ಟೆಯ ಮೇಲೆ ಉಳಿದುದು ಸಾಮಾನ್ಯವಾಗಿ ಗಾಯಕನ ಹೆಸರು ಮಾತ್ರ.

1951ರಲ್ಲಿ ಮೆಂಫಿಸ್ ನಗರದಲ್ಲಿ ಮುದ್ರಿತವಾದ ‘ರಾಕೆಟ್ 88’ ಗೀತೆಯನ್ನೇ ನೋಡಿ. ಅದರ ಗಾಯಕ ಜಾಕಿ ಬ್ರೆನ್‌ಸ್ಟನ್ ಸ್ವತಃ ಸ್ಯಾಕ್ಸೋಫೋನ್ ವಾದಕ. ಏಕವಾದನವೂ ಆತನದೇ ಎಂದು ಭಾವಿಸುವುದು ಸಹಜ. ಆದರೆ ಅದನ್ನು ನುಡಿಸಿದವರು ರೇಮಂಡ್ ಹಿಲ್. 1955ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಲಿಟಲ್ ರಿಚರ್ಡ್ ಹಾಡಿದ ‘ಟುಟಿ ಫ್ರುಟಿ’ಯಲ್ಲಿ ಮೊಳಗುವುದು ಲೀ ಅಲೆನ್ನರ ಉಸಿರು.

ಇಂಥ ಶೋಧನೆ ಕಾಲಹರಣವೆಂಬ ಮಾತನ್ನು ನಾನು ಒಪ್ಪಲಾರೆ. ದುಡಿದವನ ಹೆಸರು ದುಡಿಮೆಯೊಡನೆ ನಿಲ್ಲಬೇಕಾದುದು ನ್ಯಾಯ. ಆದರೆ ಆ ನ್ಯಾಯ ಊಹೆಯಿಂದ ದೊರೆಯದು. ಹಿಡಿಸಿದ ವಾದನವನ್ನೆಲ್ಲ ಪ್ರಖ್ಯಾತ ಕಿಂಗ್ ಕರ್ಟಿಸರ ಖಾತೆಗೆ ಬರೆದರೆ, ನಿಜವಾಗಿ ನುಡಿಸಿದವನಿಗೆ ಎರಡನೆಯ ಬಾರಿ ಅನ್ಯಾಯವಾಗುತ್ತದೆ. ವಾದಕರ ಸಂಘದ ಕರಾರುಪತ್ರ ಅಂದು ಯಾರು ಯಾರು ಹಾಜರಿದ್ದರೆಂದು ತಿಳಿಸುತ್ತದೆ. ಅವರಲ್ಲಿ ಏಕವಾದನ ಯಾರದೆಂದು ತಿಳಿಸುವುದಿಲ್ಲ. ಅಲ್ಲಿ ಸಹವಾದಕರ ಸಾಕ್ಷ್ಯವೂ ಪಳಗಿದ ಕಿವಿಯೂ ಕೂಡಿಬರಬೇಕು. ಅವೂ ಒದಗದಿದ್ದಲ್ಲಿ ‘ಅಜ್ಞಾತ’ ಎಂದು ಬರೆಯುವುದೇ ಲೇಸು. ತಪ್ಪು ಹೆಸರು ಒಮ್ಮೆ ಕುಳಿತರೆ ನಿಜವಾದ ಹೆಸರನ್ನು ಮುಂದೆ ಯಾರೂ ಹುಡುಕರು. ತೆರವಾಗಿ ಬಿಟ್ಟ ಸ್ಥಳ ಹುಡುಕುವವರನ್ನು ಕರೆಯುತ್ತಲೇ ಇರುತ್ತದೆ.